ಕೆರೆಗೆ ಕಾನೂನಿನ ಹಕ್ಕು ಕೊಡಿಸಲು ಎಷ್ಟು ಸಹಿ ಬೇಕು?

ಸ್ಪೇನ್‌ನಲ್ಲಿ ಜನ ಸಹಿ ಹಾಕಿ ಒಂದು ಸರೋವರಕ್ಕೆ ಹಕ್ಕು ಕೊಡಿಸಿದರು, ನಮ್ಮ ಬಡಾವಣೆಯ ಕೆರೆಗೂ ಹಾಗೇ ಮಾಡೋಣ, ಎಷ್ಟು ಸಹಿ ಸಾಕು ಅಂತ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ಇದೇ ಸುದ್ದಿ ಓದಿಯೇ ನಾನೂ ರಟ್ಟು, ಪೆನ್ನು ಹಿಡಿದು ಹೊರಟಿದ್ದೆ.

ನಮ್ಮದು ದಕ್ಷಿಣ ಬೆಂಗಳೂರಿನ ಒಂದು ಕೆರೆ. ಹೆಸರು ಬೇಡ ಬಿಡಿ, ದಿನಾ ಅಲ್ಲೇ ವಾಕಿಂಗ್ ಮಾಡಬೇಕು. ಮೂರು ಕಡೆ ಅಪಾರ್ಟ್‌ಮೆಂಟು, ಒಂದು ಕಡೆ ಹಳೇ ಊರು. ಭಾನುವಾರ ಬೆಳಿಗ್ಗೆ ಎಳನೀರಿನ ಗಾಡಿ ಪಕ್ಕ ಮೇಜು ಹಾಕಿ ಕೂರುತ್ತಿದ್ದೆವು. ಸಹಿಗೆ ಬರವೇ ಇರಲಿಲ್ಲ. ಕೆರೆ ಉಳಿಸಿ ಅಂದರೆ ಈ ಊರಲ್ಲಿ ಯಾರೂ ಇಲ್ಲ ಅನ್ನಲ್ಲ.

ಕೆಟ್ಟಿದ್ದು ಹಾಳೆಯಿಂದ. ಮನವಿಯ ಒಕ್ಕಣೆ ಮೊದಲ ಪುಟದಲ್ಲಿ ಮಾತ್ರ ಇತ್ತು. ಮಿಕ್ಕ ಹಾಳೆಗಳಲ್ಲಿ ಕ್ರಮಸಂಖ್ಯೆ, ಹೆಸರು, ವಿಳಾಸ, ಸಹಿ ಅಂತ ಗೆರೆ ಎಳೆದ ಕಾಲಂ, ಅಷ್ಟೇ. ಜೆರಾಕ್ಸ್ ಖರ್ಚು ಉಳಿಯಲಿ ಅಂತ ನಾನೇ ಹಾಗೆ ಮಾಡಿಸಿದ್ದೆ. ಸಾಲದ್ದಕ್ಕೆ ಆ ಮೊದಲ ಪುಟವನ್ನು ಮಧ್ಯದಲ್ಲಿ ಬದಲಾಯಿಸಿದೆ. ಶುರುವಿನಲ್ಲಿ ಹೂಳು ತೆಗೆಸಿ, ಬೇಲಿ ಹಾಕಿಸಿ, ದೀಪ ಹಾಕಿಸಿ ಅಂತಿತ್ತು. ಆಮೇಲೆ ಸ್ಪೇನ್ ಹುಚ್ಚು ಹಿಡಿಯಿತು. ಕೆರೆಯನ್ನು ಕಾನೂನಿನ ವ್ಯಕ್ತಿ ಅಂತ ಘೋಷಿಸಬೇಕು, ಕೊಳಚೆ ಬಿಡುವವರ ಮೇಲೆ ಕೆರೆಯ ಹೆಸರಲ್ಲೇ ಕೇಸು ಹಾಕುವಂತಿರಬೇಕು ಅಂತ ಹೊಸ ಪುಟ ಟೈಪ್ ಮಾಡಿಸಿ, ಹಳೇ ಸಹಿಗಳ ಮೇಲೆ ಅದನ್ನೇ ಇಟ್ಟು ಪಿನ್ ಹೊಡೆದೆ. ಮೋಸ ಮಾಡಬೇಕು ಅಂತಲ್ಲ. ಕೆರೆಗೆ ಒಳ್ಳೇದೇ ಅಲ್ವಾ, ಯಾರು ಬೇಡ ಅಂತಾರೆ ಅಂದುಕೊಂಡೆ.

ಯಾರು ಬೇಡ ಅಂತಾರೆ ಅನ್ನೋದು, ಮನವಿ ಕೊಟ್ಟ ಮೇಲೆ ಸರ್ಕಾರಿ ಕಚೇರಿಯಲ್ಲಿ ಸಭೆ ಕರೆದ ದಿನ ಗೊತ್ತಾಯಿತು. ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ಎದ್ದು ನಿಂತರು. "ನಾವು ಸಹಿ ಹಾಕಿದ್ದು ಲೈಟಿಗೆ ಸಾರ್, ನಮ್ಮ ಮೇಲೇ ಕೇಸು ಹಾಕಿಸಿಕೊಳ್ಳೋಕಲ್ಲ" ಅಂದರು. ಅವರ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕದ ನೀರು ಎಲ್ಲಿಗೆ ಹೋಗುತ್ತಿತ್ತು ಅನ್ನೋದು ಬೇರೆ ಕಥೆ. ಆದರೆ ಹೇಳಿದ್ದು ನಿಜವೇ. ಅಧಿಕಾರಿ ಕಟ್ಟಿನಿಂದ ಎರಡನೇ ಹಾಳೆ ಎತ್ತಿ ನನ್ನ ಕಡೆ ಹಿಡಿದು, "ಇದರಲ್ಲಿ ಏನು ಕೇಳಿದ್ದಾರೆ, ತೋರಿಸಿ" ಅಂದರು. ತೋರಿಸೋಕೆ ಬರೀ ಹೆಸರುಗಳಿದ್ದವು. ಪಕ್ಕದ ಬ್ಲಾಕಿನವರೂ ಹೆಸರು ವಾಪಸ್ ತಗೊಂಡರು. ಹೊರಗೆ ಬಂದ ಮೇಲೆ ಹಳೇ ಊರಿನ ಹಿರಿಯರೊಬ್ಬರು, ಅವರ ಮನೆಯವರು ಹಿಂದೆ ತೂಬು ಎತ್ತುತ್ತಿದ್ದ ನೀರುಗಂಟಿಗಳು, ಒಂದೇ ಮಾತು ಕೇಳಿದರು: "ಕೆರೆ ಎಲ್ಲಿಂದ ಎಲ್ಲೀವರೆಗೆ ಅಂತ ಬರೆದಿದ್ಯೇನಮ್ಮ?" ಅದನ್ನೂ ಬರೆದಿರಲಿಲ್ಲ.

ಸ್ಪೇನ್‌ನ ಕಥೆ ಪೂರ್ತಿ ಓದಿದ್ದು ಆಮೇಲೆ. ಮಾರ್ ಮೆನೋರ್ ಅನ್ನೋದು ಸಮುದ್ರದ ಪಕ್ಕದ ಉಪ್ಪುನೀರಿನ ಸರೋವರ. ಹೊಲಗಳ ಗೊಬ್ಬರದ ನೈಟ್ರೇಟು ಹರಿದು ಹರಿದು 2016ರಲ್ಲಿ ನೀರೆಲ್ಲ ಪಾಚಿ ಬಣ್ಣಕ್ಕೆ ತಿರುಗಿತು. 2019ರಲ್ಲಿ, ಮತ್ತೆ 2021ರಲ್ಲಿ, ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದವು. ತೆರೇಸಾ ವಿಸೆಂಟೆ ಅನ್ನುವ ಕಾನೂನು ಪ್ರಾಧ್ಯಾಪಕಿ ಮುಂದೆ ನಿಂತರು. 6 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು, 2022ರಲ್ಲಿ ಕಾಯ್ದೆ ಬಂತು. ಆದರೆ ಅಲ್ಲಿ 5 ಲಕ್ಷ ಸಹಿ ಇದ್ದರೆ ಜನರೇ ಬರೆದ ಮಸೂದೆಯನ್ನು ಸಂಸತ್ತಿನ ಮುಂದೆ ತರಬಹುದು ಅಂತ ಕಾನೂನೇ ಇದೆ. ಸಹಿ ತಗೊಳ್ಳುವ ಹಾಳೆಯಲ್ಲಿ ಮಸೂದೆಯ ಪೂರ್ತಿ ಪಾಠ ಇರಬೇಕು. ಸಹಿ ಅಸಲಿ ಅಂತ ದೃಢೀಕರಿಸೋಕೆ ಪ್ರಮಾಣ ಮಾಡಿದ ಜನ ಬೇರೆ ಇರುತ್ತಾರೆ. ನಾನೋ, ಜೆರಾಕ್ಸಿನ ಪುಡಿಕಾಸು ಉಳಿಸಿದ್ದೆ.

ನಮ್ಮಲ್ಲಿ ಆ ಬಾಗಿಲೇ ಇಲ್ಲ. ಲಾರಿ ತುಂಬ ಸಹಿ ತಂದರೂ ಸದನ ಅದನ್ನು ಮಸೂದೆ ಅಂತ ಚರ್ಚಿಸಲೇಬೇಕು ಅನ್ನೋ ನಿಯಮ ಇಲ್ಲ. ಹಾಗಾಗಿ ಎಷ್ಟು ಸಹಿ ಅನ್ನೋ ಪ್ರಶ್ನೆಯೇ ಸರಿಯಿಲ್ಲ, ಬೇಜಾರು ಮಾಡ್ಕೋಬೇಡಿ.

ಕೋರ್ಟಿಗೆ ಹೋಗಬಹುದಲ್ಲ ಅಂತೀರಾ? 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆ ಇಬ್ಬರನ್ನೂ ಕಾನೂನಿನ ವ್ಯಕ್ತಿ ಅಂದಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಕೇಳಿದ್ದು ಆ ರಾಜ್ಯದ ಸರ್ಕಾರವೇ. ನದಿ ಬೇರೆ ರಾಜ್ಯಗಳಲ್ಲೂ ಹರಿಯುತ್ತೆ, ಪ್ರವಾಹ ಬಂದು ಯಾರಾದರೂ ಸತ್ತರೆ ಪರಿಹಾರ ಯಾರು ಕೊಡಬೇಕು ಅಂತ ಅವರ ತಕರಾರು. ಅಮೆರಿಕದ ಟೊಲಿಡೊ ನಗರದಲ್ಲಿ 2019ರಲ್ಲಿ ಜನ ವೋಟು ಹಾಕಿಯೇ ಈರಿ ಸರೋವರಕ್ಕೆ ಹಕ್ಕು ಕೊಟ್ಟರು. ಮರುವರ್ಷ ಕೋರ್ಟು ಅದನ್ನು ರದ್ದು ಮಾಡಿತು. ಬರೆದಿದ್ದು ಅಸ್ಪಷ್ಟ ಅನ್ನೋದೇ ಮುಖ್ಯ ಕಾರಣ. ನನ್ನ ಹಾಳೆಯ ರೋಗವೇ!

ಇನ್ನು 'ವ್ಯಕ್ತಿ' ಅನ್ನೋದಕ್ಕೆ ಅಷ್ಟು ಮರುಳಾಗಬೇಡಿ. ದೇವಸ್ಥಾನದ ಮೂರ್ತಿ ನಮ್ಮ ಕಾನೂನಿನಲ್ಲಿ ಎಂದಿನಿಂದಲೋ ವ್ಯಕ್ತಿ, ಜಮೀನು ದೇವರ ಹೆಸರಲ್ಲೇ ಇರುತ್ತೆ. ಹಾಗಂತ ದೇವರ ಜಮೀನು ಒತ್ತುವರಿ ಆಗಿಲ್ವಾ? ಬೆಂಗಳೂರಿನ ಕೆರೆಗಳ ನಿಜವಾದ ಜಗಳ ಮೀಟರ್ ಲೆಕ್ಕದ್ದು. ಕೆರೆ ಅಂಚಿನಿಂದ 75 ಮೀಟರ್ ಏನೂ ಕಟ್ಟದೆ ಬಿಡಿ ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಆಗ ಮಾಸ್ಟರ್ ಪ್ಲಾನಿನ 30 ಮೀಟರ್‌ಗೇ ಬಂದೆವು. ಅಂಚು ಯಾವುದು ಅಂತ ಗುರುತಾಗದಿದ್ದರೆ ಆ 30 ಕೂಡ ಗಾಳಿಯಲ್ಲೇ.

ನನ್ನ ಕೇಳಿದರೆ ಮೊದಲು ಕೆರೆಯ ಸರ್ವೆ ನಂಬರ್ ಹುಡುಕಿ. ಎರಡು ಹಳ್ಳಿಗೆ ಸೇರಿದ ಕೆರೆಯಾದರೆ ಒಂದಕ್ಕಿಂತ ಜಾಸ್ತಿ ಇರುತ್ತೆ. ಗ್ರಾಮ ನಕ್ಷೆ ತೆಗೆಸಿ, ಒಳಗೆ ಬರುವ ರಾಜಕಾಲುವೆ ಯಾವುದು, ಕೋಡಿ ಎಲ್ಲಿದೆ ನೋಡಿ. ಸರ್ವೆ ಆಗಿದೆಯಾ, ಒತ್ತುವರಿ ಪಟ್ಟಿ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಇಷ್ಟು ಕೈಗೆ ಬಂದ ಮೇಲೆ ಸಹಿಗೆ ಇಳಿಯಿರಿ. ಕೇಳೋದು ಒಂದೇ ಇರಲಿ, ಗಡಿ ಗುರುತಿಸಿ ಕಲ್ಲು ನೆಡಿ ಅಂತಲೋ, ಇಂಥ ಕಾಲುವೆಯ ಕೊಳಚೆ ನಿಲ್ಲಿಸಿ ಅಂತಲೋ. 2016ರಲ್ಲಿ ಉಕ್ಕಿನ ಮೇಲ್ಸೇತುವೆ ವಿರುದ್ಧ ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತಾಗ ಕೇಳಿದ್ದು 'ಬೇಡ' ಅಂತ ಒಂದೇ. ಯಾಕೆ ನಿಂತಿದ್ದೇವೆ ಅಂತ ನಿಂತವರಿಗೆಲ್ಲ ಗೊತ್ತಿತ್ತು. ಮುಂದಿನ ಮಾರ್ಚ್‌ಗೆ ಸರ್ಕಾರ ಯೋಜನೆ ಕೈಬಿಟ್ಟಿತು.

ಹಕ್ಕಿನ ಮಾತು ಬೇಡವೇ ಬೇಡ ಅಂತಲ್ಲ. ಎತ್ತೋದಾದರೆ ಆ ಕೆರೆ ಪರವಾಗಿ ಕೋರ್ಟಿಗೆ ಹೋಗುವವರು ಯಾರು, ವಕೀಲರ ಫೀಸು ಎಲ್ಲಿಂದ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಮಾರ್ ಮೆನೋರ್ ಕಾಯ್ದೆಯಲ್ಲೂ ಸರೋವರದ ಹೆಸರಲ್ಲಿ ಯಾರು ಬೇಕಾದರೂ ದಾವೆ ಹೂಡಬಹುದು ಅಂತ ಬಿಡಿಸಿ ಬರೆದಿದ್ದಾರೆ, ನೋಡಿಕೊಳ್ಳಲು ಸಮಿತಿಗಳನ್ನೂ ಮಾಡಿದ್ದಾರೆ.

ಆನ್‌ಲೈನ್ ಸಹಿ ಆಗುತ್ತಾ ಅಂತಲೂ ಕೇಳಿದ್ದೀರಿ. ಪತ್ರಿಕೆಯವರ ಕಣ್ಣಿಗೆ ಬೀಳೋಕೆ ಆಗುತ್ತೆ. ಕಚೇರಿಗೆ ಕೊಡೋಕೆ ನನ್ನ ಮಟ್ಟಿಗೆ ಕಾಗದವೇ ವಾಸಿ. ಪ್ರತಿ ಹಾಳೆಯ ತಲೆಗೂ ಪೂರ್ತಿ ಒಕ್ಕಣೆ ಹಾಕಿಸಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಒತ್ತಿಸಿಕೊಂಡೇ ಎದ್ದು ಬನ್ನಿ.