ಆ ನೂಡಲ್ಸ್ ಬಟ್ಟಲನ್ನು ಇನ್ನೊಮ್ಮೆ ನೋಡಿ

ಪ್ರಿಯ ಓದುಗರೇ,

ಹಳೆಯ ಚೀನೀ ಕತ್ತಿವರಸೆ ಚಿತ್ರಗಳ ಬಗ್ಗೆ ಬರೆಯುವಾಗ ನಿರ್ದೇಶಕ ಕಿಂಗ್ ಹು ಅವರ ‘ಡ್ರಾಗನ್ ಇನ್’ ನೋಡಿ ಅಂದಿದ್ದೆ. ನೀವು ನೋಡಿ, ಬೇಜಾರಿನಲ್ಲಿ ಪತ್ರ ಬರೆದಿದ್ದೀರಿ. ‘ಎಷ್ಟೋ ಹೊತ್ತು ಹೋಟೆಲಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡೋದೇ ಆಯ್ತು. ಕತ್ತಿ ಹೊರಗೆ ಬರೋದು ಯಾವಾಗ? ಇಷ್ಟಕ್ಕೂ ಆ ಅಲೆಮಾರಿಗೆ ಯಾರದೋ ಮಕ್ಕಳ ಉಸಾಬರಿ ಯಾಕೆ?’ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಕಥೆಯ ಬುಡ ಹೇಳಿಬಿಡುತ್ತೇನೆ. 1449ರಲ್ಲಿ ಮಂಗೋಲರು ಮಿಂಗ್ ಚಕ್ರವರ್ತಿಯನ್ನೇ ಸೆರೆಹಿಡಿದರು. ಆಗ ಬೀಜಿಂಗ್ ಉಳಿಸಿದವನು ಯು ಛಿಯನ್ ಎಂಬ ಮಂತ್ರಿ. ಸೆರೆಯಿಂದ ಮರಳಿದ ಚಕ್ರವರ್ತಿ 1457ರಲ್ಲಿ ಮತ್ತೆ ಗದ್ದುಗೆ ಏರಿದ. ಏರಿದ್ದೇ ತಡ, ಯು ಛಿಯನ್‌ಗೆ ಮರಣದಂಡನೆ. ಇಷ್ಟು ಇತಿಹಾಸ. ಸಿನಿಮಾ ಇಲ್ಲಿಂದ ಶುರು. ಮಂತ್ರಿಯ ಮಕ್ಕಳನ್ನು ಗಡಿಗೆ ಅಟ್ಟುತ್ತಾರೆ. ಅವರನ್ನು ಮುಗಿಸಿಬಿಡಲು ಅರಮನೆಯ ನಪುಂಸಕ ಅಧಿಕಾರಿ ತ್ಸಾವ್ ತನ್ನ ಗುಪ್ತ ಪಡೆಯನ್ನು ಕಳಿಸುತ್ತಾನೆ. ಆ ಪಡೆ ಗಡಿಯ ಒಂಟಿ ಹೋಟೆಲನ್ನು ಹಿಡಿದು ಕೂತಿರುವಾಗಲೇ ಕೊಡೆ ಹಿಡಿದ ದಾರಿಹೋಕನೊಬ್ಬ ಬರುತ್ತಾನೆ. ಅವನೇ ಷಿಯಾವ್. ನಟ ಷಿ ಚುನ್.

ಈಗ ಆ ನೂಡಲ್ಸ್ ದೃಶ್ಯಕ್ಕೆ ಬನ್ನಿ. ಸುತ್ತಲೂ ಕೊಲೆಗಾರರು. ಇವನು ಊಟಕ್ಕೆ ಕೂತಿದ್ದಾನೆ. ಬಿಸಿ ನೂಡಲ್ಸ್ ತುಂಬಿದ ಬಟ್ಟಲನ್ನು ಎತ್ತಿ ಹಾಗೇ ಆಚೆ ಟೇಬಲ್ಲಿಗೆ ಎಸೆಯುತ್ತಾನೆ. ಬಟ್ಟಲು ನೆಟ್ಟಗೆ ಹೋಗಿ ಕೂರುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ. ಅಲ್ಲಿಗೆ ಇವನ ಕೈ ಎಂಥದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಯಾರೂ ಬಾಯಿ ಬಿಡುವುದಿಲ್ಲ. ಕತ್ತಿ ಹೊರಗೆ ಬಂದಿಲ್ಲ ಅಂದಿರಿ, ನನ್ನ ಪ್ರಕಾರ ಜಗಳ ಆಗಲೇ ಅರ್ಧ ಮುಗಿದಿದೆ. ಒಬ್ಬರನ್ನೊಬ್ಬರು ಅಳೆಯುವ ಈ ಹೊತ್ತಿಗಾಗಿಯೇ ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತೇನೆ. ಆಮೇಲೆ ಬರುವ ಹೊಡೆದಾಟ ಮೈ ಜುಂ ಅನ್ನಿಸುವುದು ಈ ಕಾಯುವಿಕೆಯಿಂದಲೇ.

ಕಿಂಗ್ ಹು ಬೀಜಿಂಗ್‌ನಲ್ಲಿ ಹುಟ್ಟಿ ಬೆಳೆದವರು. ಹಾಡು, ಕುಣಿತ, ಹೊಡೆದಾಟ ಎಲ್ಲ ಬೆರೆತ ಅಲ್ಲಿನ ರಂಗಕಲೆ ಪೀಕಿಂಗ್ ಒಪೆರಾ ಅವರಿಗೆ ಚೆನ್ನಾಗಿ ಗೊತ್ತು. ಹೊಡೆದಾಟ ಕಟ್ಟಿಕೊಟ್ಟ ಹಾನ್ ಯಿಂಗ್‌ಜೀ ಕೂಡ ಒಪೆರಾದಲ್ಲಿ ಪಳಗಿದವರೇ. ಅದಕ್ಕೇ ಕಿವಿಗೊಟ್ಟು ನೋಡಿ. ಮರದ ಚಿಟಿಕೆಯ ಟಕ್ ಟಕ್, ಜಾಗಟೆಯ ಸದ್ದು. ನಡೆಯುವುದು, ತಿರುಗುವುದು, ತಟ್ಟನೆ ನಿಲ್ಲುವುದು ಎಲ್ಲ ಆ ತಾಳಕ್ಕೇ. ಇನ್ನು ಹಾರುವ, ಎರಗುವ ತುಣುಕುಗಳನ್ನು ತೀರಾ ಚಿಕ್ಕದಾಗಿ ಕತ್ತರಿಸಿದ್ದಾರೆ. ಕಣ್ಣು ಮಿಟುಕಿಸಿದರೆ ಹೋಯಿತು. ಕೆಲವರಿಗೆ ಇದು ಕೊರತೆ ಅನ್ನಿಸುತ್ತದೆ. ನನಗಂತೂ ನಮ್ಮ ಕಣ್ಣಿಗಿಂತ ಆ ಕೈ ಜಾಸ್ತಿ ಚುರುಕು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ಯಾರದೋ ಮಕ್ಕಳ ಉಸಾಬರಿ ಅಂದಿರಲ್ಲ, ಚೀನಿಯರು ಇಂಥವನನ್ನು ‘ಷಿಯಾ’ ಎನ್ನುತ್ತಾರೆ. ಈ ಕತ್ತಿವರಸೆ ಚಿತ್ರಗಳಿಗಿರುವ ‘ವೂಷಿಯಾ’ ಎಂಬ ಹೆಸರಿನಲ್ಲಿರುವುದೂ ಇದೇ ಪದ. ಎರಡು ಸಾವಿರ ವರ್ಷದ ಹಿಂದೆಯೇ ಸಿಮಾ ಛಿಯನ್ ಎಂಬ ಇತಿಹಾಸಕಾರ ಅಲೆಮಾರಿ ಷಿಯಾಗಳಿಗೆಂದೇ ಒಂದು ಅಧ್ಯಾಯ ಬರೆದಿಟ್ಟ. ಅವರು ಕೊಟ್ಟ ಮಾತು ತಪ್ಪುವವರಲ್ಲ, ಕಷ್ಟದಲ್ಲಿದ್ದವರಿಗೆ ಪ್ರಾಣದ ಹಂಗಿಲ್ಲದೆ ನೆರವಾಗುವವರು, ಮಾಡಿದ್ದನ್ನು ಹೇಳಿಕೊಳ್ಳಲು ನಾಚುವವರು ಅನ್ನುತ್ತಾನೆ. ಷಿಯಾವ್ ಬಂದದ್ದು ಹೋಟೆಲಿನ ಯಜಮಾನನನ್ನು ನೋಡಲು, ಅಷ್ಟೇ. ಆ ಯಜಮಾನ ಸತ್ತ ಮಂತ್ರಿಯ ಕಡೆಯವನು. ಗೆಳೆಯನ ಭಾರ ಇವನ ಹೆಗಲಿಗೂ ಬಂತು. ಆಮೇಲೆ ಅವನು ಕಾರಣ ಹುಡುಕುತ್ತಾ ಕೂರುವುದಿಲ್ಲ.

ಒಂದು ಮಾತು ಒಪ್ಪುತ್ತೇನೆ. ಕೊನೆಯಲ್ಲಿ ಇಷ್ಟೊಂದು ಜನ ಸೇರಿ ಒಬ್ಬ ತ್ಸಾವ್‌ನ ಮೇಲೆ ಬೀಳುವುದು ನಿಮಗೆ ಸರಿ ಕಾಣಲಿಲ್ಲ. ನನಗೂ ಅಲ್ಲಿ ಸಂಕಟವಾಗುತ್ತದೆ. ಅವನಿಗೆ ಉಬ್ಬಸ ಬೇರೆ. ಎಲ್ಲರಿಗಿಂತ ದೊಡ್ಡ ಕತ್ತಿಗಾರ ಉಸಿರಿಗೆ ಒದ್ದಾಡುವುದನ್ನು ನೋಡುವಾಗ ಅವನು ಖಳ ಅನ್ನುವುದೂ ಒಂದು ಕ್ಷಣ ಮರೆತುಹೋಗುತ್ತದೆ.

ಚಿತ್ರ 1967ರದು, ತೈವಾನ್‌ನ ಬೆಟ್ಟಗಳಲ್ಲಿ ತೆಗೆದದ್ದು. ಹಳೆಯ ಮಸುಕು ಪ್ರತಿಯಲ್ಲಿ ನೋಡಿದ್ದರೆ ಅದನ್ನು ಬಿಡಿ. ಹೊಸದಾಗಿ ಸರಿಪಡಿಸಿದ ಪ್ರತಿ 2014ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದನ್ನು ಹುಡುಕಿ. ಷಿಯಾವ್ ಹೋಟೆಲಿಗೆ ಕಾಲಿಡುವಲ್ಲಿಂದ ಇನ್ನೊಮ್ಮೆ ನೋಡಿ, ಏನನ್ನಿಸಿತು ಅಂತ ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ