ಸರವೋ, ರಸವೋ?

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ಲೋಕಲ್ ರೈಲಿನಲ್ಲಿ ದಿನಪತ್ರಿಕೆಯ ಪದಬಂಧ ಬಿಡಿಸುತ್ತ ಕಚೇರಿಗೆ ಬರುವ ತಾವು, ‘ಕೊರಳಿನ ಆಭರಣ ಹಿಂದುಮುಂದಾಗಿ ಹಣ್ಣಿನ ಸಾರ (2)’ ಎಂಬ ಸುಳಿವಿಗೆ ‘ರಸ’ ಎಂದು ಪೆನ್ನಿನಲ್ಲೇ ಬರೆದು, ಮರುದಿನ ‘ಸರ’ ಎಂಬ ಉತ್ತರ ಕಂಡು, ತಪ್ಪು ಯಾರದೆಂದು ಕೇಳಿದ್ದೀರಿ. ಅಡ್ಡ ಬರುವ ಪದಕ್ಕಾಗಿ ಕಾಯುವುದು ಸೋಲೊಪ್ಪಿದಂತೆ ಎಂಬ ಸಹಪ್ರಯಾಣಿಕರ ಮಾತನ್ನೂ ತಿಳಿಸಿದ್ದೀರಿ.

ಸುಳಿವಿನ ಮಟ್ಟಿಗೆ ತಪ್ಪು ರಚಿಸಿದವರದೇ. ಲಂಡನ್ನಿನ ‘ಆಬ್ಸರ್ವರ್’ ಪತ್ರಿಕೆಗೆ ‘ಜಿಮಿನೀಸ್’ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ ಅವರು, ಸುಳಿವಿನಲ್ಲಿ ಉತ್ತರದ ಅರ್ಥವೂ ಅಕ್ಷರಗಳ ಆಟವೂ ಇರಬೇಕು, ಅವೆರಡರ ಹೊರತು ಬೇರೇನೂ ಇರಬಾರದು ಎಂದು ಪಟ್ಟು ಹಿಡಿದಿದ್ದರು. ಈ ಸುಳಿವಿನಲ್ಲಿ ಎರಡೂ ಇವೆ, ಆದರೆ ಯಾವುದು ಅರ್ಥ, ಯಾವುದು ಆಟ ಎಂದು ತಿಳಿಯುವ ದಾರಿಯಿಲ್ಲ. ಕನ್ನಡದಲ್ಲಿ ಇದನ್ನು ಸರಿಪಡಿಸಲು ಒಂದು ಪ್ರತ್ಯಯ ಸಾಕಿತ್ತು ಎಂಬುದೇ ನನಗೆ ಬೇಸರ ತರುವ ಸಂಗತಿ. ‘ಕೊರಳಿನ ಆಭರಣ ತಿರುಗಿದರೆ ಹಣ್ಣಿನ ಸಾರ’ ಎಂದಿದ್ದರೆ ಉತ್ತರ ರಸ. ‘ಕೊರಳಿನ ಆಭರಣವೆಂದರೆ ತಿರುಗಿದ ಹಣ್ಣಿನ ಸಾರ’ ಎಂದಿದ್ದರೆ ಸರ. ‘ತಿರುಗಿದರೆ’ ಎಂಬುದು ಹಿಂದಿನ ಮಾತನ್ನು ಹಿಡಿಯುತ್ತದೆ, ‘ತಿರುಗಿದ’ ಎಂಬುದು ಮುಂದಿನದನ್ನು. ‘ಹಿಂದುಮುಂದಾಗಿ’ ಮಾತ್ರ ನಡುವೆ ನೇತಾಡುತ್ತದೆ.

ಇನ್ನು ಕಾಯುವ ವಿಚಾರ. ತಾವು ಕತ್ತರಿಸಿ ಕಳುಹಿಸಿದ ತುಣುಕಿನಲ್ಲಿ, ಅದೇ ಮೊದಲ ಚೌಕದಿಂದ ಕೆಳಗಿಳಿಯುವ ಪದಕ್ಕೆ ‘ಮುಂಬಯಿಯ ಪಶ್ಚಿಮಕ್ಕಿರುವುದು (3)’ ಎಂಬ ಸುಳಿವಿದೆ. ಕಡಲು, ಸಾಗರ, ಸಮುದ್ರ, ಮೂರಕ್ಕೂ ಮೂರೇ ಅಕ್ಷರ. ಆದರೆ ಕಡಲಿನ ‘ಕ’ ಸರಕ್ಕೂ ಹೊಂದದು, ರಸಕ್ಕೂ ಹೊಂದದು. ಸಾಗರದ ‘ಸಾ’ ಕೂಡ ಹೊಂದದು, ಏಕೆಂದರೆ ನಮ್ಮ ಚೌಕದಲ್ಲಿ ಕೂರುವುದು ಬರಿಯ ವ್ಯಂಜನವಲ್ಲ, ಸ್ವರ, ಒತ್ತು, ಸೊನ್ನೆಗಳನ್ನೆಲ್ಲ ಹೊತ್ತ ಇಡೀ ಅಕ್ಷರ. ಇಂಗ್ಲಿಷಿನಲ್ಲಿ ಆರು ಚೌಕ ಬೇಡುವ ಮುಂಬಯಿ ನಮ್ಮಲ್ಲಿ ‘ಮುಂ’, ‘ಬ’, ‘ಯಿ’ ಎಂದು ಮೂರರಲ್ಲೇ ಮುಗಿಯುತ್ತದೆ. ಹಾಗಾಗಿ ಉಳಿದದ್ದು ಸಮುದ್ರವೊಂದೇ. ಅದರ ‘ಸ’ ಬಂದು ಕೂತೊಡನೆ ಸರವೇ ಸರಿ ಎಂದಾಗುತ್ತದೆ. ಒಂದು ಚೌಕದಿಂದ ಇಷ್ಟು ತಿಳಿಯುವಾಗ ಅದಕ್ಕಾಗಿ ಕಾಯುವುದು ಸೋಲಲ್ಲ, ಬಿಡಿಸುವ ಕೆಲಸದ ಭಾಗವೇ ಎಂದು ಸಹಪ್ರಯಾಣಿಕರಿಗೆ ದಯವಿಟ್ಟು ತಿಳಿಸಿ.

ಪೆನ್ನಿನ ಬದಲು ಪೆನ್ಸಿಲ್ ಒಯ್ಯುವುದು ಒಳ್ಳೆಯದು. ನಮ್ಮ ಪತ್ರಿಕೆಯ ಪದಬಂಧಕ್ಕೆ ಇಂತಹ ಸುಳಿವು ಬಂದರೆ ತಿದ್ದಿಕೊಡುವಂತೆ ರಚಿಸಿದವರಿಗೇ ಮರಳಿಸುತ್ತೇನೆ.

— ಸಂಪಾದಕ