ಚೆಕ್‌ಪಾಯಿಂಟ್ ಕೈತಪ್ಪಿದಾಗ ಜೆಸ್2ಗೆ ಕೊಡಬೇಕಾದ ರಿಪ್ಲೈ

ಚೆಕ್‌ಪಾಯಿಂಟ್ 1ಕ್ಕೆ (ಜೆಸ್2 ತನ್ನ ಲೆಕ್ಕ ಬರೆದಿಡುವ ಡಿಸ್ಕ್ ಫೈಲ್) ಐ/ಓ ಎರರ್ (ಓದುವ-ಬರೆಯುವ ದೋಷ) ಬಂದು, ಮೇನ್‌ಫ್ರೇಮ್‌ನಲ್ಲಿ ಜಾಬ್‌ಗಳನ್ನು ಸಾಲಿನಲ್ಲಿಟ್ಟು ನಡೆಸುವ ಜೆಸ್2 ನಿಂತಿದೆ, ಜಾಬ್‌ಗಳೆಲ್ಲ ಹೋದವೇ, ಕನ್ಸೋಲ್‌ನಲ್ಲಿ ಉತ್ತರಕ್ಕೆ ಕಾದಿರುವ ಹ್ಯಾಸ್ಪ್ 272ಕ್ಕೆ (ಹ್ಯಾಸ್ಪ್ ಎಂದರೆ ಜೆಸ್2 ಕೊಡುವ ಸಂದೇಶ) ಏನು ಹೇಳಲಿ ಎಂದು ಕೇಳಿದ್ದೀರಿ.

ಜಾಬ್‌ಗಳು ಹೋಗಿಲ್ಲ. ಜೆಸಿಎಲ್ (ಜಾಬ್‌ನ ಸೂಚನೆಗಳು), ಔಟ್‌ಪುಟ್ ಎಲ್ಲ ಸ್ಪೂಲ್ ಎಂಬ ಡಿಸ್ಕ್ ಜಾಗದಲ್ಲಿವೆ. ಚೆಕ್‌ಪಾಯಿಂಟ್‌ನಲ್ಲಿ ಇರುವುದು ಜಾಬ್ ಕ್ಯೂ, ಔಟ್‌ಪುಟ್ ಟೇಬಲ್, ಸ್ಪೂಲ್‌ನ ಯಾವ ಟ್ರ್ಯಾಕ್ ಗ್ರೂಪ್ (ಜಾಗದ ತುಂಡು) ಖಾಲಿ ಎಂಬ ಲೆಕ್ಕ. ಡ್ಯೂಪ್ಲೆಕ್ಸ್ (ಎರಡು ಪ್ರತಿ ಇಡುವ) ಮೋಡ್‌ನಲ್ಲಿ ಅದೇ ಲೆಕ್ಕ ಚೆಕ್‌ಪಾಯಿಂಟ್ 2ರಲ್ಲೂ ಇರುತ್ತದೆ. ಎರಡೂ ಕೈಬಿಟ್ಟರೆ ಮಾತ್ರ ಕೋಲ್ಡ್ ಸ್ಟಾರ್ಟ್ (ಎಲ್ಲ ಅಳಿಸಿ ಹೊಸದಾಗಿ ಶುರು), ಆಗ ಸ್ಪೂಲ್‌ನಲ್ಲಿದ್ದದ್ದೆಲ್ಲ ಹೋದ ಹಾಗೆ. ದಯವಿಟ್ಟು ಗಾಬರಿಯಲ್ಲಿ ಆ ಕಡೆ ಹೋಗಬೇಡಿ.

ಈ ಹೊತ್ತಿನಲ್ಲಿ ಓಡುತ್ತಿರುವ ಜಾಬ್‌ಗಳು ಜೆಸ್2 ಬೇಕಾಗುವವರೆಗೆ ಓಡುತ್ತಲೇ ಇರುತ್ತವೆ. ಜೆಸ್2 ಕಮಾಂಡ್ ನಡೆಯದು, ಎಂವಿಎಸ್ (ಆಪರೇಟಿಂಗ್ ಸಿಸ್ಟಮ್) ಕಮಾಂಡ್ ನಡೆಯುತ್ತದೆ. ಅದಕ್ಕೇ ರಿಪ್ಲೈಗೆ ಮೊದಲು ಎರರ್ ಎಷ್ಟು ಮೆಂಬರ್‌ಗಳಲ್ಲಿ (ಒಂದೇ ಕ್ಯೂ ಹಂಚಿಕೊಂಡ ಸಿಸ್ಟಮ್‌ಗಳಲ್ಲಿ) ಎಂದು ನೋಡಿ. ಹ್ಯಾಸ್ಪ್ 233ರ ಸಾಲಿನಲ್ಲೇ ಸಂಖ್ಯೆ ಇರುತ್ತದೆ. ಡಿಸ್‌ಪ್ಲೇ ಮ್ಯಾಟ್ರಿಕ್ಸ್ ಕಮಾಂಡಿನಿಂದ ಆ ಡಿಸ್ಕ್ ಡಿವೈಸ್‌ಗೆ ಹೋಗುವ ಪಾತ್‌ಗಳನ್ನೂ (ದಾರಿಗಳನ್ನೂ) ನೋಡಿ.

ಒಂದೇ ಮೆಂಬರ್‌ಗೆ ಪಾತ್ ಹೋಗಿದ್ದು ಡಿಸ್ಕ್ ಸರಿಯಿದ್ದರೆ ‘ಟರ್ಮ್’ ಕೊಡಿ. ಆ ಮೆಂಬರ್‌ನ ಜೆಸ್2 ಮಾತ್ರ ಬೀಳುತ್ತದೆ, ಉಳಿದವು ಎರಡೂ ಪ್ರತಿಗಳೊಂದಿಗೆ ಮುಂದುವರಿಯುತ್ತವೆ. ಪಾತ್ ಬಂದ ಮೇಲೆ ಅಲ್ಲಿ ಹಾಟ್ ಸ್ಟಾರ್ಟ್ (ಎಂವಿಎಸ್ ನಿಲ್ಲಿಸದೆ ಜೆಸ್2 ಮಾತ್ರ ಮತ್ತೆ ಶುರು) ಮಾಡಿ. ಡಿಸ್ಕೇ ಕೆಟ್ಟಿದ್ದರೆ ‘ಕಂಟ್’: ಹ್ಯಾಸ್ಪ್ 273ರಲ್ಲಿ ತೋರಿಸಿದ ನ್ಯೂ ಚೆಕ್‌ಪಾಯಿಂಟ್ ಡೇಟಾಸೆಟ್‌ಗೆ (ಮೊದಲೇ ಇಟ್ಟ ಬದಲಿ ಫೈಲ್‌ಗೆ) ಲೆಕ್ಕ ಹೋಗುತ್ತದೆ. ‘ಡಿಲೀಟ್’ ಕೊಟ್ಟರೂ ಕೆಲಸ ಸಾಗುತ್ತದೆ, ಆದರೆ ಒಂದೇ ಪ್ರತಿಯ ಮೇಲೆ. ಬದಲಿ ಜಾಗ ಇಲ್ಲವೇ ಇಲ್ಲ ಎಂದಾಗಲಷ್ಟೇ ಅದು ಸರಿ.

ಹ್ಯಾಸ್ಪ್ 263 ಬೇರೆಯೇ ಸಮಸ್ಯೆ, ಇದರ ಜೊತೆ ಕಲಸಬೇಡಿ. ಅಲ್ಲಿ ಡೇಟಾ ಕೆಟ್ಟಿಲ್ಲ, ಇನ್ನೊಂದು ಮೆಂಬರ್ ಲಾಕ್ ಹಿಡಿದುಕೊಂಡಿದೆ. ಲಾಕ್ ಬಿಡಿಸುವ ಡಾಲರ್ ಇ ಸಿಕೆಪಿಟಿಲಾಕ್ ಕಮಾಂಡನ್ನು ಆ ಸಿಸ್ಟಮ್ ನಿಜಕ್ಕೂ ಸತ್ತಿದೆ, ರೀಸೆಟ್ ಆಗಿದೆ ಎಂದು ಖಚಿತವಾದ ಮೇಲೆಯೇ ಕೊಡಿ. ನಿಧಾನವಾಗಿದ್ದ ಸಿಸ್ಟಮ್ ಎದ್ದು ಬರೆಯತೊಡಗಿದರೆ ಇಬ್ಬರು ಒಂದೇ ಕ್ಯೂಗೆ ಬರೆದಂತಾಗಿ ಎರಡೂ ಪ್ರತಿಗಳು ಹಾಳಾಗುತ್ತವೆ.

ಇನ್ನು ತಯಾರಿ. ನ್ಯೂ ಚೆಕ್‌ಪಾಯಿಂಟ್ 1 ಮತ್ತು 2 ಎರಡನ್ನೂ ಈಗಲೇ ಅಲೊಕೇಟ್ ಮಾಡಿಟ್ಟುಕೊಳ್ಳಿ: ಪ್ರತಿಯೊಂದೂ ಒಂದೇ ಎಕ್ಸ್‌ಟೆಂಟ್‌ನಲ್ಲಿ (ಡಿಸ್ಕ್‌ನ ಒಂದೇ ನಿರಂತರ ಭಾಗದಲ್ಲಿ), ಬೇರೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ (ಡಿಸ್ಕ್‌ಗಳನ್ನು ನಿಯಂತ್ರಿಸುವ ಪೆಟ್ಟಿಗೆಗಳಲ್ಲಿ), ತಾನಾಗಿ ಬೇರೆಡೆಗೆ ಮೈಗ್ರೇಟ್ ಆಗದಂತೆ. ಹ್ಯಾಸ್ಪ್ 537ರಲ್ಲಿ ಈಗ ಎಷ್ಟು 4ಕೆ ರೆಕಾರ್ಡ್ ಬೇಕು ಎಂದು ಇರುತ್ತದೆ, ಅದಕ್ಕಿಂತ ಹೆಚ್ಚೇ ಜಾಗ ಕೊಡಿ. ಚಿಕ್ಕದಾದರೆ ಬೇಕಾದ ಹೊತ್ತಿಗೆ ಉಪಯೋಗಕ್ಕೆ ಬರದು. ಆಪ್‌ವೆರಿಫೈ (ಆಪರೇಟರನ್ನು ಕೇಳಬೇಕೇ ಎಂಬ ಸೆಟ್ಟಿಂಗ್) ಡಿಫಾಲ್ಟಾಗಿ ‘ಯೆಸ್’. ಅದನ್ನು ‘ನೋ’ ಮಾಡಿದರೆ ಐ/ಓ ಎರರ್ ಬಂದಾಗ ಆಪರೇಟರ್‌ಗೆ ಕಾಯದೆ ತಾನೇ ಹೊಸ ಡೇಟಾಸೆಟ್‌ಗೆ ಹೋಗುತ್ತದೆ. ರಾತ್ರಿ ಶಿಫ್ಟ್‌ನಲ್ಲಿ ಒಬ್ಬರೇ ಇರುವ ಕಡೆ ಇದೇ ಒಳ್ಳೆಯದು.

ಸ್ಥಳ ಬದಲಾದ ಮೇಲೆ ಹ್ಯಾಸ್ಪ್ 256 ಬರುತ್ತದೆ. ಬದಲಿ ಜಾಗ ಖರ್ಚಾಯಿತು, ಇನ್ನೊಂದು ಕೊಡಿ ಎಂದರ್ಥ. ಡಾಲರ್ ಟಿ ಸಿಕೆಪಿಟಿಡೆಫ್ ಕಮಾಂಡಿನಿಂದ ಆಗಲೇ ಹೊಸ ನ್ಯೂ ಚೆಕ್‌ಪಾಯಿಂಟ್ ಕೊಡಿ. ಜೆಸ್2 ಪಾರ್ಮ್ ಮೆಂಬರ್‌ನಲ್ಲೂ (ಇದು ಸಿಸ್ಟಮ್ ಅಲ್ಲ, ಜೆಸ್2ನ ಸೆಟ್ಟಿಂಗ್ ಫೈಲ್) ಚೆಕ್‌ಪಾಯಿಂಟ್ 1ರ ಹೆಸರು ಮತ್ತು ವಾಲ್ಯೂಮ್ ತಿದ್ದಿ, ಇಲ್ಲದಿದ್ದರೆ ಮುಂದಿನ ಐಪಿಎಲ್‌ನಲ್ಲಿ (ಸಿಸ್ಟಮ್ ಬೂಟ್ ಮಾಡುವಾಗ) ಜೆಸ್2 ಹಳೆಯ ಡಿಸ್ಕನ್ನೇ ಹುಡುಕುತ್ತದೆ.